ದನಿ ತೆಗೆದು ಹಾಡು

ತವನಪ್ಪನ ಕಿವಿ ಮಂದವಾಗಿ ಕೆಲವು ವರ್ಷಗಳೇ ಆಗಿದ್ದವು. ಮಂದ ಎನ್ನುವುದೂ ಮರ್ಯಾದೆಗೆ ಆಡುವ ಮಾತು. ಎದುರು ನಿಂತು ಒದರಿದರೆ ಕೇಳಿಸುತ್ತಿತ್ತು, ಜೈನ ಬಸ್ತಿಯ ಗಂಟೆ ಕೇಳಿಸುತ್ತಿತ್ತು, ಲಾರಿಯ ಹಾರ್ನು ಕೇಳಿಸುತ್ತಿತ್ತು; ಮನುಷ್ಯರು ಒಬ್ಬರಿಗೊಬ್ಬರು ಆಡುವ ಸಾದಾ ಮಾತು ಮಾತ್ರ ಕೇಳಿಸುತ್ತಿರಲಿಲ್ಲ. ಸಾಂಗ್ಲಿಯ ಪೇಟೆಯಲ್ಲಿ ಒಂದು ಅಡತಿ ಅಂಗಡಿಯ ಹಿತ್ತಲಿನಲ್ಲಿ ಅರಿಷಿಣಕ್ಕೆ ಪಾಲಿಶ್ ಮಾಡುವ ದೊಡ್ಡ ತಗಡಿನ ಪೀಪಾಯಿಗಳಿದ್ದವು. ಒಣಗಿದ ಕೊಂಬು ತುಂಬಿ ತಿರುಗಿಸಿದರೆ ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದಂಥ ಸದ್ದು. ಆ ಸದ್ದಿನ ಮಗ್ಗುಲಲ್ಲಿ ಕುಳಿತು ಹಮಾಲರ ಮೇಲೆ ಮುಕಾದಮಿಕೆ ಮಾಡುತ್ತಲೇ ಅವನ ಅರ್ಧ ಆಯುಷ್ಯ ಕಳೆದಿತ್ತು.

ಕಿವಿ ಹೋದದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಗೆ ಹೇಳಿಯಾನು? ಸಮಡೋಳಿಯಿಂದ ಮಿರಜದವರೆಗೆ ಯಾವ ಬಸ್ತಿಯಲ್ಲಿ ಪೂಜೆಯಾದರೂ ಹಾಡಲಿಕ್ಕೆ ತವನಪ್ಪ ಬೇಕು. ಮೊದಲ ಅಭಿಷೇಕದ ಮಾನ ಯಾರಿಗೆ ಎಂದು ಶ್ರಾವಕರು ಪೈಪೋಟಿಯಲ್ಲಿ ಸವಾಲು ಹಾಕುವಾಗ ಅದನ್ನು ಕೂಗಿ ಏರಿಸಲಿಕ್ಕೂ ತವನಪ್ಪನೇ ಬೇಕು. ಒಂದು ಕಾಲಕ್ಕೆ ಇನ್ನೊಬ್ಬ ಮುದುಕ ಹಾರ್ಮೋನಿಯಂ ಪೇಟಿಯ ಸುರ ಒಂದು ಕಡೆ, ತಾನೊಂದು ಕಡೆ ಹಾಡಿದಾಗ, "ಕಿವಿ ಹೋದ ಮ್ಯಾಲ ಮನ್ಯಾಗ ಕುಂದ್ರಬೇಕಪಾ" ಎಂದು ನಾಲ್ಕು ಜನರ ನಡುವೆ ನಕ್ಕಿದ್ದವನು ಇವನೇ. ಈಗ ಮೊಣಕಾಲು ನೋವೆಂದು ನೆವ ಹೇಳಿ ಸವಾಲು ಕೂಗುವುದನ್ನು ಬಿಟ್ಟಿದ್ದ. ಯಾರಾದರೂ ಮಾತಿಗೆ ನಿಂತರೆ ತಾನೇ ಮಾತಾಡಿ ಮುಗಿಸುತ್ತಿದ್ದ. ಅವರಿಗೇ ಬಾಯಿ ಬಂದರೆ ತಲೆಯಾಡಿಸಿ, "ಹೌದ್ರಿ, ಕಾಲ ಹಂಗ ಬಂದೈತಿ" ಎನ್ನುತ್ತಿದ್ದ. ಸಾವಿಗೂ ಮದುವೆಗೂ ಮಳೆಗೂ ರಾಜಕೀಯಕ್ಕೂ ಆ ಮಾತು ಹೊಂದುತ್ತಿದ್ದುದರಿಂದ ಇಷ್ಟು ದಿನ ದಾಟಿಹೋಗಿತ್ತು.

ಮನೆಯಲ್ಲಿ ದಾಟಿಹೋದದ್ದಕ್ಕೆ ಬೇರೆಯೇ ಕಾರಣವಿತ್ತು. ಹೆಂಡತಿ ತೀರಿಕೊಂಡು ಬಹಳ ದಿನವಾಗಿತ್ತು. ಮಗ ಭೂಪಾಲ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳನ್ನು ತೂಗುವ ಕಾಟಾದ ಮೇಲೆ ಗುಮಾಸ್ತ. ಯಂತ್ರದ ಸದ್ದಿನಲ್ಲಿ ಮಾತಾಡಿ ಮಾತಾಡಿ ಮನೆಯಲ್ಲೂ ಗಟ್ಟಿಯಾಗಿಯೇ ಮಾತಾಡುತ್ತಿದ್ದ. ಸೊಸೆ ಇಂದುಬಾಯಿ ಮಾತ್ರ ಮಾವನ ಮುಂದೆ ದನಿ ಎತ್ತುವವಳಲ್ಲ. ತಲೆಯ ಮೇಲೆ ಸೆರಗು, ಅಡುಗೆಮನೆಯ ಹೊಸ್ತಿಲ ಒಳಗೆ ಕಾಲು, ಮಾತೇನಿದ್ದರೂ ಮಗಳ ಬಾಯಿಂದ. ಅವರ ಕಡೆಯ ಹಿರಿಯರ ಮನೆಗಳಲ್ಲಿ ಸೊಸೆಯಂದಿರು ಹಾಗೇ ಇರುತ್ತಿದ್ದರು. ಹೀಗಾಗಿ ಸುಲೋಚನಾ, ಹದಿಮೂರರ ಹುಡುಗಿ, ಬೆಳಗಿನಿಂದ ಸಂಜೆಯವರೆಗೆ ಅಡುಗೆಮನೆಗೂ ಪಡಸಾಲೆಗೂ ನಡುವಿನ ಟಪಾಲು.

"ಸುಲೂ, ಅಜ್ಜಾರ್ನ ಊಟಕ್ಕ ಕರಿ. ಹೊತ್ತು ಮುಳಗಾಕ ಬಂತು."

"ಅಜ್ಜಾ! ಊಟಕ್ಕ ಬರ್ರೀ! ಹೊತ್ತು ಮುಳಗತೈತಿ!"

"ಭಾಕ್ರಿ ಇನ್ನೊಂದು ಹಾಕಲೇನು ಕೇಳು."

"ಅಜ್ಜಾ! ಭಾಕ್ರಿ ಹಾಕಬೇಕೇನ್ರೀ!"

"ಬ್ಯಾಡವಾ, ಸಾಕು. ಯಾಕ ಹಂಗ ಒದರ್ತಿ? ನಾ ಏನ್ ಕಿವುಡ ಅದೀನೇನು?" ಎಂದು ತವನಪ್ಪ ನಗುತ್ತಿದ್ದ. ಸುಲೋಚನಾ ನಗುತ್ತ ಇನ್ನೊಂದು ಸೌಟು ಪಲ್ಯ ಬಡಿಸಿ ಒಳಗೆ ಹೋಗುತ್ತಿದ್ದಳು.

ಹುಡುಗಿಗೆ ಹಾಡು ಹಚ್ಚಿದವನು ತವನಪ್ಪನೇ. ಚಿಕ್ಕಂದಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಪೂಜೆಯ ಪದ ಕಲಿಸಿದ್ದ. ಆಗ ಕಿವಿ ಚೆನ್ನಾಗಿತ್ತು. ಅವಳ ದನಿ ಎಂಥದೆಂದು ಅವನಿಗೆ ನಿಜವಾಗಿ ಗೊತ್ತಿತ್ತು. ಈಗಲೂ ದಿನಾ ಬೆಳಿಗ್ಗೆ ಪೇಟಿ ಮುಂದಿಟ್ಟುಕೊಂಡು ಅವಳನ್ನು ಎದುರಿಗೆ ಕೂರಿಸುತ್ತಿದ್ದ. ಪೇಟಿಯ ಸ್ವರ ಎಲ್ಲೋ ಗೋಡೆಯಾಚೆ ಗುಂಯ್ ಎಂದಂತಾಗುತ್ತಿತ್ತು. ಹುಡುಗಿಯ ಬಾಯಿ ತೆರೆದುಕೊಳ್ಳುತ್ತಿತ್ತು, ಕೇಳಿಸುತ್ತಿರಲಿಲ್ಲ.

"ದನಿ ತೆಗೆದು ಹಾಡು" ಎನ್ನುತ್ತಿದ್ದ.

ಅವಳು ಏರಿಸುತ್ತಿದ್ದಳು.

"ಇನ್ನೂ ತಗೀಬೇಕು. ಬಸ್ತಿ ತುಂಬಬೇಕು ದನಿ!"

ಕೊರಳಿನ ನರ ಉಬ್ಬಿ ಮುಖ ಕೆಂಪಾಗುವಷ್ಟು ಏರಿಸಿದಾಗ ಅವಳ ದನಿಯ ಒಂದು ಎಳೆ ಅವನ ಕಿವಿಗೆ ಬಂದು ಮುಟ್ಟುತ್ತಿತ್ತು. ಆಗ ಅವನಿಗೆ ಆಗುತ್ತಿದ್ದ ಸಂತೋಷ ಅಷ್ಟಿಷ್ಟಲ್ಲ. "ಭಲೆ!" ಎಂದು ತೊಡೆ ತಟ್ಟುತ್ತಿದ್ದ. ತನಗೆ ಕೇಳಿಸಿದ್ದೇ ಒಳ್ಳೆಯ ಹಾಡು ಎಂದು ಮನಸ್ಸಿಗೆ ಹೇಳಿಕೊಂಡು, ಕೊನೆಗೆ ಅದನ್ನು ನಂಬಿಯೂ ಬಿಟ್ಟಿದ್ದ.

ಆ ವರ್ಷ ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಬಸ್ತಿಯ ಮೇಲೆ ಧ್ವನಿವರ್ಧಕದ ಕರ್ಣೆ ಕಟ್ಟಿದ್ದರು. ಪರ್ವ ಮುಗಿಯುವವರೆಗೂ ಸುಲೋಚನಾ ಬೆಳಿಗ್ಗೆ ಪೂಜೆಗೆ, ಸಂಜೆ ಆರತಿಗೆ ಹಾಡಿದಳು. ಒಪ್ಪೊತ್ತಿನ ವ್ರತ ಹಿಡಿದಿದ್ದಳು. ಹೊತ್ತು ಮುಳುಗಿದ ಮೇಲೆ ನೀರೂ ಇಲ್ಲ. ನೆಗಡಿಯಾಗಿತ್ತು, ಆದರೂ ಹಾಡಿದಳು. ಪರ್ವ ಮುಗಿದಾಗ ಅವಳ ದನಿ ಹರಿದ ಬಟ್ಟೆ ಎಳೆದಂತೆ ಬರತೊಡಗಿತ್ತು. ಆಚೆಮನೆಯ ಹೌಸಾಬಾಯಿ ಬಂದು ಜೇನುತುಪ್ಪದಲ್ಲಿ ಹಸಿಶುಂಠಿ ಅರೆದು ಕೊಡು ಎಂದು ಹೇಳಿಹೋದಳು. ಜೈನರಾದ ಇವರ ಮನೆಯಲ್ಲಿ ಜೇನೂ ನಡೆಯದು, ನೆಲದೊಳಗಿನ ಹಸಿ ಗಡ್ಡೆಯೂ ನಡೆಯದು. ಇಂದುಬಾಯಿ ಕರಿಮೆಣಸು, ಕಲ್ಲುಸಕ್ಕರೆ, ಜೇಷ್ಠಮಧು ಕುದಿಸಿ ಕುಡಿಸಿದಳು. ಗುಣ ಕಾಣಲಿಲ್ಲ.

"ಮಿರಜದಾಗ ಕಮಲಾಬಾಯಿ ಅಂತ ಹಾಡು, ಗಾಣಾ ಕಲಸೋರು ಅದಾರಂತ. ಅವರಿಗೆ ಒಮ್ಮೆ ತೋರಸೂನು" ಎಂದು ಅವಳು ಗಂಡನಿಗೆ ಹೇಳಿದಳು.

"ನನಗ ಡ್ಯೂಟಿ ಐತಿ. ಅಪ್ಪಾ ಕರಕೊಂಡು ಹೋಗ್ತಾರ. ಗಾಣಾ ತಿಳದವರು ಅವರ ಅಲ್ಲೇನು?" ಎಂದ ಭೂಪಾಲ.

ಹೀಗೆ ತವನಪ್ಪ ಮೊಮ್ಮಗಳ ಕೈ ಹಿಡಿದು ಮಿರಜದ ಬಸ್ಸು ಹತ್ತಿದ. ಕಮಲಾಬಾಯಿಯ ಮನೆ ಸಿತಾರ ಮಾಡುವವರ ಓಣಿಯಲ್ಲಿ. ಅಂಗಳದ ತುಂಬ ದೊಡ್ಡ ದೊಡ್ಡ ಒಣಕುಂಬಳದ ಬುರುಡೆಗಳು ಬಿಸಿಲಿಗೆ ಬಿದ್ದಿದ್ದವು. ಆ ಬಾಯಿಯೋ ತನ್ನ ದನಿಯನ್ನು ಒಂದಿಷ್ಟೂ ಪೋಲು ಮಾಡದ ಹೆಂಗಸು. ಎಷ್ಟು ಬೇಕೋ ಅಷ್ಟೇ, ಎದುರು ಕೂತವರಿಗೆ ಮುಟ್ಟುವಷ್ಟೇ ಮಾತು. ಸುಲೋಚನಾಳಿಂದ ಒಂದು ಪದ ಹೇಳಿಸಿದಳು, ನಡುವೆಯೇ ಕೈಯೆತ್ತಿ ನಿಲ್ಲಿಸಿದಳು. ಒಂದು ಲೋಟ ನೀರು ಕುಡಿಸಿದಳು. ಆಮೇಲೆ ಕೆಳಗಿನ ಷಡ್ಜ ಹಿಡಿಸಿ ಮೆಲ್ಲಗೆ, ಇನ್ನೂ ಮೆಲ್ಲಗೆ ಎಂದು ಕೈಯಿಂದ ತೋರಿಸಿದಳು. ತವನಪ್ಪನಿಗೆ ಕಂಡದ್ದು ಇಷ್ಟೇ: ಹುಡುಗಿ ಬಾಯಿ ತೆರೆದು ಸುಮ್ಮನೆ ಕೂತಿದ್ದಾಳೆ, ಕಮಲಾಬಾಯಿ ಕಣ್ಣು ಮುಚ್ಚಿಕೊಂಡು ತಲೆಯಾಡಿಸುತ್ತಿದ್ದಾಳೆ. ಹಾಡು ಕಲಿಸುವ ಶಿಕವಣಿ ಇದೆಂಥದು ಎಂದುಕೊಂಡ.

ಸ್ವಲ್ಪ ಹೊತ್ತಿಗೆ ಕಮಲಾಬಾಯಿ ಹುಡುಗಿಯನ್ನು ಸಿತಾರ ನೋಡಿ ಬಾ ಎಂದು ಅಂಗಳಕ್ಕೆ ಕಳಿಸಿ, ತವನಪ್ಪನ ಕಡೆ ತಿರುಗಿ ಕುಳಿತಳು. ಬಹಳ ಹೊತ್ತು ಮಾತಾಡಿದಳು. ಹಣೆ ಗಂಟು ಹಾಕಿ, ತನ್ನ ಕೊರಳು ಮುಟ್ಟಿ ತೋರಿಸಿ, ಕಿಟಕಿಯಾಚೆ ಎತ್ತಲೋ ಕೈ ಮಾಡಿ ಮಾತಾಡಿದಳು. ಏನೋ ಮಹತ್ವದ್ದೇ ಹೇಳುತ್ತಿದ್ದಾಳೆಂದು ತವನಪ್ಪನಿಗೆ ಗೊತ್ತಾಯಿತು. ಏನೆಂದು ಮಾತ್ರ ಗೊತ್ತಾಗಲಿಲ್ಲ. ಕೇಳಿಸಲಿಲ್ಲ ಬಾಯಾರ, ಇನ್ನೊಮ್ಮೆ ಹೇಳ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಗಾಣಾ ಬಲ್ಲ ಹೆಂಗಸಿನ ಮುಂದೆ, ತಾನೂ ಗಾಣಾ ಬಲ್ಲವನೆಂದು ಹೇಳಿಕೊಂಡು ಬಂದವನು, ಕಿವಿಯಿಲ್ಲ ಎಂದು ಹೇಗೆ ಅಂದಾನು? ನಾಚಿಕೆಯಿಂದ ಅವನ ಕಿವಿ ಬಿಸಿಯಾದವು.

"ಹೌದ್ರಿ, ಕಾಲ ಹಂಗ ಬಂದೈತಿ" ಎಂದ.

ಕಮಲಾಬಾಯಿ ಅವನನ್ನು ವಿಚಿತ್ರವಾಗಿ ನೋಡಿ ಮತ್ತೇನೋ ಕೇಳಿದಳು.

"ಆಗಲ್ರಿ. ನೀವು ಹೇಳಿದಂಗ ಮಾಡ್ತೀವ್ರಿ" ಎಂದು ಕೈಮುಗಿದು ಅವನು ಎದ್ದೇಬಿಟ್ಟ.

ಮನೆಗೆ ಬಂದ ಕೂಡಲೇ ಇಂದುಬಾಯಿ ಮಗಳ ಬಾಯಿಂದ ಕೇಳಿಸಿದಳು, "ಅಜ್ಜಾ! ಬಾಯಾರು ಏನಂದ್ರಂತ ಅವ್ವ ಕೇಳಾಕತ್ತಾಳ್ರೀ!"

"ಏನಂತಾರ? ಹುಡುಗಿ ಛಲೋ ಹಾಡ್ತಾಳ ಅಂದ್ರು. ದಿನಾ ಬಿಡಲಾರ್ದ ಹಾಡಸ್ರಿ, ಗಟ್ಟಿ ದನೀಲೆ ಹಾಡಸ್ರಿ ಅಂದ್ರು."

ಸುಲೋಚನಾ ಅಜ್ಜನ ಮುಖವನ್ನೇ ನೋಡುತ್ತ ನಿಂತಳು. ಕಮಲಾಬಾಯಿ ಅವಳಿಗೆ ಕಲಿಸಿದ್ದು ಅದಕ್ಕೆ ಉಲ್ಟಾ. ಏನೋ ಹೇಳಲಿಕ್ಕೆ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡು ಒಳಗೆ ಹೋದಳು. ತವನಪ್ಪ ಕೋಟು ತೆಗೆದು ಗೂಟಕ್ಕೆ ಹಾಕಿದ. ಹೇಳಿದ್ದು ಸುಳ್ಳಾದರೂ ಕೆಟ್ಟದ್ದೇನಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ.

ಸಕ್ಕರೆ ಕಾರ್ಖಾನೆ, ಹಾಲಿನ ಸಂಘ, ಸಾಲ ಕೊಡುವ ಪತಸಂಸ್ಥೆ ಎಂದು ಊರಿಗೊಬ್ಬ ಚೇರಮನ್ನರು ಹುಟ್ಟುತ್ತಿದ್ದ ಕಾಲ ಅದು. ಭೂಪಾಲನ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಗಳೀತ ಹಂಗಾಮು ಶುರುವಾಗುವ ದಿನ ಮೊದಲ ಕಬ್ಬಿನ ಕಟ್ಟು ಹಾಕುವ ಸಮಾರಂಭ. ಚೇರಮನ್ನರು ಎಲ್ಲೋ ಬಸ್ತಿಯ ಕರ್ಣೆಯಲ್ಲಿ ಸುಲೋಚನಾಳ ಹಾಡು ಕೇಳಿದ್ದರಂತೆ. "ಪಾಟೀಲ, ಸ್ವಾಗತಗೀತ ತುಮಚ್ಯಾ ಪೋರೀಚಂಚ" ಎಂದು ಭೂಪಾಲನ ಭುಜ ತಟ್ಟಿದ್ದರು. ನಿನ್ನ ಮಗಳೇ ಹಾಡಬೇಕು ಎಂದ ಮೇಲೆ ಭೂಪಾಲನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಇಂದುಬಾಯಿಗೆ ಮಾತ್ರ ಅದು ಸೇರಲಿಲ್ಲ. ಊಟದ ಹೊತ್ತಿಗೆ ಅಡುಗೆಮನೆಯಲ್ಲಿ ಗಂಡನ ತಟ್ಟೆಗೆ ಬೇಳೆ ಬಡಿಸುತ್ತ ತಗ್ಗಿದ ದನಿಯಲ್ಲೇ ಜಗಳಕ್ಕೆ ನಿಂತಳು.

"ಸಂಜಿ ಆತಂದ್ರ ಆಕೀ ಗಂಟಲಾಗ ದನಿ ಇರೂದಿಲ್ಲ. ಸಾಲ್ಯಾಗ ಪಾಠ ಓದಾಕೂ ಆಗವಲ್ದಂತ. ಬ್ಯಾಡ ಅನ್ರಿ ಚೇರಮನ್ನರಿಗೆ."

"ಹಂಗ ಹೆಂಗ ಬ್ಯಾಡ ಅನ್ನಾಕ ಬರತೈತಿ? ಮಿರಜದ ಬಾಯಾರ ದಿನಾ ಹಾಡಸ್ರಿ ಅಂದಾರ."

"ಅವರು ಹಂಗಂದಾರಂದ್ರ ನನಗ ಖರೆ ಅನಸವಲ್ದು."

"ಅಂದ್ರ, ಅಪ್ಪಾ ಸುಳ್ಳ ಹೇಳ್ಯಾರಂತಿ?"

ಇಂದುಬಾಯಿ ಬೆನ್ನು ತಿರುಗಿಸಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಪಡಸಾಲೆಯಲ್ಲಿ ಉಣ್ಣುತ್ತಿದ್ದ ತವನಪ್ಪನಿಗೆ ಕಂಡದ್ದು ಮಗನ ಕೆರಳಿದ ಮುಖ, ಸೊಸೆಯ ಬೆನ್ನು. ತನ್ನ ವಿಷಯವೇ ನಡೆದಿದೆಯೆಂದು ತಿಳಿದು ಅವನು ತಲೆ ತಗ್ಗಿಸಿ ಭಾಕ್ರಿ ಮುರಿದ.

ಮಾರನೆಯ ಬೆಳಿಗ್ಗೆ ಮತ್ತೆ ಪೇಟಿ, ಮತ್ತೆ ದನಿ ತೆಗೆದು ಹಾಡು.

ಸಮಾರಂಭದ ದಿನ ಕಾರ್ಖಾನೆಯ ಅಂಗಳದಲ್ಲಿ ದೊಡ್ಡ ಚಪ್ಪರದ ಮಾಂಡವ ಹಾಕಿದ್ದರು. ಕಬ್ಬಿನ ಗಾಡಿಗಳ ಎತ್ತುಗಳಿಗೂ ಹೂವಿನ ಹಾರ. ತವನಪ್ಪ ಹೊಸ ಧೋತ್ರ ಉಟ್ಟು ಮುಂದಿನ ಸಾಲಿನಲ್ಲಿ, ಡೈರೆಕ್ಟರುಗಳ ಮಗ್ಗುಲಲ್ಲೇ ಕುಳಿತಿದ್ದ. ಸುಲೋಚನಾ ಮೈಕಿನ ಮುಂದೆ ಬಂದು ನಿಂತಳು. ಮೊದಲ ನುಡಿ ಕರ್ಣೆಯಲ್ಲಿ ಬಂದು ಅವನ ಕಿವಿಗೆ ಮುಟ್ಟಿತು, ಎದೆ ಉಬ್ಬಿತು. ಎರಡನೆಯ ನುಡಿಯಲ್ಲಿ ದನಿ ಮೇಲಕ್ಕೆ ಏರಬೇಕು. ಅಷ್ಟರಲ್ಲಿ ಕರ್ಣೆ ನಿಂತುಹೋಯಿತು. ಮೈಕು ಕೆಟ್ಟಿತು ಎಂದುಕೊಂಡ ತವನಪ್ಪ. ಇಂಥ ಸಮಾರಂಭಗಳಲ್ಲಿ ಮೈಕು ಕೆಡದಿದ್ದರೆ ಆಶ್ಚರ್ಯ. ಹುಡುಗಿಯ ಬಾಯಿ ತೆರೆದೇ ಇತ್ತು, ಕೊರಳ ನರ ಉಬ್ಬಿತ್ತು. ಅವಳು ಹಾಡುತ್ತಿದ್ದಾಳೆ, ಹೆದರಬಾರದು ಎಂದು ಅವನು ತೊಡೆಯ ಮೇಲೆ ತಾಳ ಹಾಕುತ್ತ ಕೂಗಿದ:

"ಭಲೆ! ಭಲೆ ನನ್ನ ಮಗಳ! ಮೈಕ ಇಲ್ಲದಿದ್ರ ಏನಾತು, ದನಿ ತೆಗೆದು ಹಾಡು!"

ಸುಲೋಚನಾ ಅಜ್ಜನ ಕಡೆ ನೋಡಿದಳು. ಮತ್ತೊಮ್ಮೆ ಬಾಯಿ ತೆರೆದಳು. ಕಣ್ಣಿನಿಂದ ನೀರು ಇಳಿಯಿತು.

"ದನಿ ತೆಗಿ!" ಎಂದು ತವನಪ್ಪ ಮತ್ತೆ ಕೂಗಿದ.

ಆಗ ಮಗ್ಗುಲಲ್ಲಿದ್ದವರ ಮುಖ ಅವನ ಕಣ್ಣಿಗೆ ಬಿತ್ತು. ಯಾರೂ ಹುಡುಗಿಯನ್ನು ನೋಡುತ್ತಿರಲಿಲ್ಲ. ಇಡೀ ಸಾಲು ಅವನನ್ನು ನೋಡುತ್ತಿತ್ತು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಹಿಂದೆ ಯಾರೋ ನಗುತ್ತಿದ್ದರು. ಚೇರಮನ್ನರು ಕೈಯಲ್ಲಿದ್ದ ಹಾರದ ಹೂಗಳನ್ನು ಎಣಿಸುವವರಂತೆ ತಲೆ ತಗ್ಗಿಸಿದ್ದರು. ಮೈಕು ಕೆಟ್ಟಿರಲಿಲ್ಲ. ಭೂಪಾಲ ಬಂದು ಅವನ ರಟ್ಟೆ ಹಿಡಿದು ಎಬ್ಬಿಸಿ ಜನರ ನಡುವಿನಿಂದ ಹೊರಗೆ ಕರೆದುಕೊಂಡು ಹೋದ. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ತವನಪ್ಪನಿಗೆ ಆ ಹೊತ್ತು ಅದೇ ಬೇಕಾಗಿತ್ತು.

ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಸುಲೋಚನಾಳಿಗೆ ಮಾತಾಡಲಿಕ್ಕೂ ದನಿ ಇರಲಿಲ್ಲ; ಗಾಳಿ ಮಾತ್ರ ಬರುತ್ತಿತ್ತು. ಮರುದಿನ ಭೂಪಾಲ ರಜೆ ಹಾಕಿ ಮಿರಜಕ್ಕೆ ಹೋದ. ಆ ಬಾಯಿಯ ಜೊತೆ ಜಗಳ ತೆಗೆದು ಬರುತ್ತೇನೆಂದು ಮುಷ್ಟಿ ಬಿಗಿದು ಹೋದವನು ಮಧ್ಯಾಹ್ನ ಬಂದಾಗ ಮುಖ ಬೂದಿಯಾಗಿತ್ತು. ಚಪ್ಪಲಿ ಕೂಡ ಬಿಡದೆ ಅಪ್ಪನ ಎದುರಿಗೆ ನಿಂತ.

"ಅಪ್ಪಾ, ಕಮಲಾಬಾಯಾರು ಆವತ್ತು ನಿಮಗ ಏನ್ ಹೇಳಿದ್ರು?"

"ಹೇಳೇನಲ್ಲೋ. ದಿನಾ ಹಾಡಸ್ರಿ..."

"ಸುಳ್ಳು!" ಭೂಪಾಲ ಹುಟ್ಟಿದಾಗಿನಿಂದ ಅಪ್ಪನಿಗೆ ಆ ಮಾತು ಆಡಿದವನಲ್ಲ. "ಗಂಟಲಾಗ ಏನೋ ಬೆಳದಂಗ ಕಾಣತೈತಿ, ಮೊದಲ ದವಾಖಾನಿಗೆ ತೋರಸ್ರಿ ಅಂದಿದ್ರಂತ. ಅಲ್ಲೀತನಕ ಒಂದು ಪದಾನೂ ಹಾಡಸಬ್ಯಾಡ್ರಿ, ಒದರಾಕ ಹಚ್ಚಬ್ಯಾಡ್ರಿ ಅಂದಿದ್ರಂತ. ಹುಡುಗಿ ಹೆದರಬಾರದಂತ ಆಕೀನ್ನ ಹೊರಗ ಕಳಿಸಿ ನಿಮಗ ಹೇಳ್ಯಾರಂತ! ನೀವು ಆಗಲ್ರಿ ಅಂದು ಕೈಮುಗದು ಬಂದ್ರಂತ!"

ತವನಪ್ಪನಿಗೆ ಪ್ರತಿ ಮಾತೂ ಕೇಳಿಸಿತು. ಮಗನ ಗಟ್ಟಿ ಮಾತು ಆ ದಿನದಷ್ಟು ಸ್ಪಷ್ಟವಾಗಿ ಎಂದೂ ಕೇಳಿಸಿರಲಿಲ್ಲ. ನಿಜ ಹೇಳುವುದಕ್ಕೆ ಅದೇ ಹೊತ್ತು. ಅವನು ತುಟಿ ಒದ್ದೆ ಮಾಡಿಕೊಂಡ.

"ಮರತೆ" ಎಂದ.

"ಮರತ್ರಿ?"

"ವಯಸ್ಸಾತಲ್ಲೋ. ಮರತೆ."

"ಮೊಮ್ಮಗಳ ಗಂಟಲಾ ಮರತ್ರಿ! ಸಮಾರಂಭದಾಗ ಮುಂದ ಕುಂದ್ರೂದ ಮರೀಲಿಲ್ಲ!"

ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಇಂದುಬಾಯಿ ಸೆರಗು ಕಚ್ಚಿಕೊಂಡು ಒಳಗೆ ಸರಿದಳು. ಕಟುಕ ಎಂದುಕೊಳ್ಳಲಿ, ಅರಳುಮರಳು ಎಂದುಕೊಳ್ಳಲಿ, ಕಿವುಡ ಎಂದು ತಿಳಿಯದಿದ್ದರೆ ಸಾಕು ಎಂಬಷ್ಟು ಕೆಳಗೆ ತವನಪ್ಪ ಇಳಿದಿದ್ದ. ಅದು ಅವನಿಗೇ ಗೊತ್ತಿದ್ದುದರಿಂದ ಅವನು ಮಗನ ಕಣ್ಣು ತಪ್ಪಿಸಿ ಗೋಡೆ ನೋಡಿದ.

ಮಿರಜದ ದವಾಖಾನೆಗೆ ಅವನನ್ನು ಬಿಟ್ಟು ಹೋದರು. ಗಂಟಲಿಗೆ ಸಣ್ಣ ಕನ್ನಡಿ ಇಳಿಸಿ ನೋಡಿದ ಡಾಕ್ಟರು, ಸ್ವರದ ಎಳೆಗಳ ಮೇಲೆ ಒದರಿ ಒದರಿ ಗಂಟು ಬಂದಿವೆ, ಕೊಯ್ಯುವುದು ಈಗಲೇ ಬೇಡ, ಬಾಯಿ ಮುಚ್ಚಿ ಕೂತರೆ ಕರಗಬಹುದು ಎಂದಿದ್ದರು. ಕರಗದಿದ್ದರೆ ಹಾಡಿನ ಆಸೆ ಬಿಡಬೇಕು. ಭೂಪಾಲ ಮನೆಗೆ ಬಂದು ಎಲ್ಲರಿಗೂ ಕೇಳುವಂತೆ ಸಾರಿದ: ಸುಲೂ ಮಾತಾಡಬಾರದು, ಪಿಸುಗುಡುವುದೂ ಇಲ್ಲ, ಯಾರೂ ಅವಳನ್ನು ಮಾತಾಡಿಸಬಾರದು. ಗಂಟೆಗೊಮ್ಮೆ ನೀರು. ಒಗ್ಗರಣೆಯ ಘಾಟು ಅವಳ ಮೂಗಿಗೆ ಹೋಗಬಾರದು. ರಾತ್ರಿಯೂ ನೀರು ಕುಡಿಯಲಿ, ಹುಡುಗಿ ಅದಾಳ, ವ್ರತ ಆಮ್ಯಾಲ ಮಾಡ್ತಾಳ ಎಂದು ಇಂದುಬಾಯಿ ಮಗಳ ತಲೆದಿಂಬಿನ ಬಳಿ ತಂಬಿಗೆ ಇಟ್ಟಳು. ಬೇಡ ಎನ್ನಲು ತವನಪ್ಪನಿಗೆ ಮುಖ ಎಲ್ಲಿತ್ತು?

ಮನೆಯಲ್ಲಿ ಟಪಾಲು ನಿಂತುಹೋಯಿತು. ಇಂದುಬಾಯಿ ಹೊಸ್ತಿಲೊಳಗೆ ನಿಂತು, "ಊಟಕ್ಕ ಬರ್ರಿ" ಎಂದು ಗೋಡೆಗೆ ಹೇಳಿದಂತೆ ಹೇಳುತ್ತಿದ್ದಳು. ತವನಪ್ಪ ಬೀದಿಯ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕೂತೇ ಇರುತ್ತಿದ್ದ. ಮಾವನಿಗೆ ನಾಚಿಕೆಯಾಗಿದೆ, ಬೇಕೆಂದೇ ಬರುತ್ತಿಲ್ಲ ಎಂದು ಅವಳು ತಿಳಿದಳೋ ಏನೋ, ಇನ್ನೊಮ್ಮೆ ಕರೆಯುತ್ತಿರಲಿಲ್ಲ. ಒಂದು ಸಂಜೆ ಹಾಗೇ ಹೊತ್ತು ಮುಳುಗಿತು. ಒಳಗೆ ಬಂದು ನೋಡಿದರೆ ತಟ್ಟೆ ಹಾಕಿ ಮುಚ್ಚಿಟ್ಟಿದೆ, ಕತ್ತಲಾಗಿದೆ; ಇನ್ನು ಉಣ್ಣುವಂತಿಲ್ಲ. ಹಸಿದು ಮಲಗಿದ. ಹಸಿವಿಗಿಂತ ಬೇರೊಂದು ಅವನನ್ನು ತಿಂದಿತು. ಇಷ್ಟು ವರ್ಷ ತನ್ನ ಹೊಟ್ಟೆಗೆ ಅನ್ನ ಬಿದ್ದದ್ದು ಆ ಹುಡುಗಿಯ ಗಂಟಲಿನಿಂದ.

ವಾರಗಳು ಕಳೆದವು. ಊರಲ್ಲಿ ಕಬ್ಬಿನ ಗಾಡಿಗಳ ಸಾಲು, ಬೆಲ್ಲದ ವಾಸನೆ. ಸುಲೋಚನಾ ಕೈಸನ್ನೆಯಲ್ಲಿ ಮಾತಾಡುತ್ತ, ಕಸ ಹೊಡೆಯುತ್ತ, ಶಾಲೆಗೆ ಹೋಗಿ ಬರುತ್ತ ಇದ್ದಳು. ಅಜ್ಜನ ಮೇಲೆ ಸಿಟ್ಟು ಮಾಡಿಕೊಂಡಂತೆ ಕಾಣಲಿಲ್ಲ. ಮೊದಲಿನಂತೆಯೇ ಬಂದು ಅವನ ಹಾಸಿಗೆ ಸುತ್ತಿಡುತ್ತಿದ್ದಳು. ಅದನ್ನು ತಾಳಿಕೊಳ್ಳುವುದೇ ಅವನಿಗೆ ಕಷ್ಟವಾಗಿತ್ತು. ಭೂಪಾಲ ಅಪ್ಪನ ಜೊತೆ ಮಾತು ಬಿಟ್ಟಿದ್ದ.

ಕೊನೆಗೆ ಡಾಕ್ಟರು ಗಂಟು ಕರಗುತ್ತಿವೆ ಎಂದರು. ಮೆಲ್ಲಗೆ, ಸ್ವಲ್ಪ ಸ್ವಲ್ಪ ಮಾತಾಡಲಿ. ಕಮಲಾಬಾಯಿಯೂ ಕಲಿಸಲಿಕ್ಕೆ ಒಪ್ಪಿದಳು. ಅದರ ಮಾರನೆಯ ಬೆಳಿಗ್ಗೆ ಭೂಪಾಲ ಡ್ಯೂಟಿಗೆ ಹೊರಡುವ ಮೊದಲು ಪಡಸಾಲೆಯಲ್ಲಿ ಅಪ್ಪನ ಎದುರಿಗೆ ಊಟಕ್ಕೆ ಕೂತಿದ್ದ. ಸುಲೋಚನಾ ಅವನ ಮಗ್ಗುಲಲ್ಲಿ, ಇಂದುಬಾಯಿ ಹೊಸ್ತಿಲಲ್ಲಿ. ಭೂಪಾಲ ಬಹಳ ದಿನದ ಮೇಲೆ ಅಪ್ಪನ ಮುಖ ನೋಡಿದ.

"ಅಪ್ಪಾ, ಬಾಯಾರು ಒಂದು ಮಾತು ಹೇಳ್ಯಾರ. ದಿನಾ ಮುಂಜಾನಿ ಕೆಳಗಿನ ಸ್ವರ ಅಷ್ಟ ಹಾಡಬೇಕು, ಮೆಲ್ಲಕ. ಹುಡುಗರಿಗೆ ಗೊತ್ತಾಗೂದಿಲ್ಲ, ದನಿ ತಾನ ಏರತೈತಿ. ಏರಿದ್ರ, ಒಡದ್ರ, ಅಲ್ಲೇ ನಿಲ್ಲಸೋರು ಒಬ್ರು ಮಗ್ಗಲಾಗ ಕುಂತು ಕೇಳಬೇಕಂತ." ತುತ್ತು ಕಲಸುತ್ತ ಮತ್ತೆ ಹೇಳಿದ, "ಇಂದೂಗ ಸುರ ತಿಳಿಯೂದಿಲ್ಲ. ನಾ ಮನ್ಯಾಗ ಇರೂದಿಲ್ಲ. ನೀವ ಕುಂದರಬೇಕು. ಆದದ್ದು ಆತು. ಈ ಸಲ ಮಾತ್ರ ಮರೀಬ್ಯಾಡ್ರಿ."

ಹೋದ ಮಾನವನ್ನು ಮಗ ತಾನಾಗಿ ತಂದು ಮುಂದಿಟ್ಟಿದ್ದ. ಹ್ಞೂಂ ಎಂದರೆ ಸಾಕು, ಮತ್ತೆ ಅವನು ಗಾಣಾ ಬಲ್ಲ ತವನಪ್ಪ. ಹ್ಞೂಂ ಎಂದು ಪೇಟಿಯ ಮುಂದೆ ಕೂತರೆ, ಹುಡುಗಿಯ ದನಿ ಏರುತ್ತದೆ, ಒಡೆಯುತ್ತದೆ. ಅವನು ತಲೆಯಾಡಿಸುತ್ತ ಕೂತಿರುತ್ತಾನೆ.

"ಒಲ್ಲೆ" ಎಂದ.

ಭೂಪಾಲನ ಮುಖ ಕಪ್ಪಾಯಿತು. "ಯಾಕ? ಅಷ್ಟೂ ಆಗೂದಿಲ್ಲೇನ್ರಿ ನಿಮ್ಮ ಕಡಿಂದ?"

"ಆಗೂದಿಲ್ಲ." ತವನಪ್ಪ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ದನಿ ಎಷ್ಟು ಗಟ್ಟಿ ಬರುತ್ತಿದೆ, ಎಷ್ಟು ಮೆಲ್ಲಗೆ ಬರುತ್ತಿದೆ ಎಂಬುದೂ ಅವನಿಗೆ ತಿಳಿಯಲಿಲ್ಲ. "ನನಗ ಕೇಳಸೂದಿಲ್ಲಪಾ. ಕಿವಿ ಹೋಗ್ಯಾವ. ಬಾಳ ದಿ‌ವ್ಸ ಆತು. ಮಿರಜದಾಗ ಆ ಬಾಯಾರು ಹೇಳಿದ್ದು ನಾ ಮರತಿದ್ದಿಲ್ಲ, ನನಗ ಕೇಳಿಸಿದ್ದಿಲ್ಲ. ಕೇಳಲಿಲ್ಲ ಅನ್ನಾಕ ನಾಚಿಕಿ ಬಂತು. ಮಾಂಡವದಾಗೂ ಕೇಳಿಸಿದ್ದಿಲ್ಲ. ದನಿ ತೆಗಿ, ದನಿ ತೆಗಿ ಅಂತ ನನ್ನ ಕಿವಿ ಸಲುವಾಗಿ ಆಕೀ ಗಂಟಲಾ ಹರದೆ. ಹಾಡಿನ ಸಲುವಾಗಿ ಅಲ್ಲ."

ಭೂಪಾಲನ ಕೈ ತಟ್ಟೆಯಲ್ಲೇ ನಿಂತಿತು. ತವನಪ್ಪ ಮುಖವನ್ನು ಧೋತ್ರದ ಚುಂಗಿನಿಂದ ಒರೆಸಿಕೊಂಡು ತಲೆಯೆತ್ತಿದಾಗ, ಸುಲೋಚನಾ ತಂದೆಯ ಕಡೆ ತಿರುಗಿ ಏನೋ ಹೇಳುತ್ತಿದ್ದಳು. ಡಾಕ್ಟರು ಹೇಳಿದ ಹಾಗೆಯೇ, ಮೆಲ್ಲಗೆ. ತುಟಿ ಆಡಿದ್ದು ಮಾತ್ರ ಅವನಿಗೆ ಕಂಡಿತು. ಭೂಪಾಲ ತಲೆ ತಗ್ಗಿಸಿದ.

"ಏನಂದ್ಲು?" ಎಂದು ತವನಪ್ಪ ಕೇಳಿದ.

ಭೂಪಾಲ ಮುಖ ಆಚೆ ತಿರುಗಿಸಿದ.

"ಸುಲೂ, ಏನಂದಿ ಮಗಳ?"

ಸುಲೋಚನಾ ಮತ್ತೆ ಹೇಳಿದಳು. ಅಜ್ಜನಿಗಾಗಿ ದನಿ ಏರಿಸಲಿಕ್ಕೆ ಅವಳ ಕೊರಳು ತಾನಾಗಿ ಬಿಗಿಯಿತು. ಅದನ್ನು ಕಂಡು ಭೂಪಾಲ ಅವಳ ಕೈ ಹಿಡಿದು ತಡೆದ. ತವನಪ್ಪ ಮಗನನ್ನು, ಮೊಮ್ಮಗಳನ್ನು ಬದಲಿಸಿ ಬದಲಿಸಿ ನೋಡಿದ.

"ಯಾರರೆ ಹೇಳ್ರಲಾ. ನಂಗ ಕೇಳವಲ್ದು."

ಆಗ ಇಂದುಬಾಯಿ ಹೊಸ್ತಿಲು ದಾಟಿ ಬಂದಳು. ಆ ಮನೆಗೆ ಬಂದಾಗಿನಿಂದ ಮಾವನ ಎದುರು ಅಷ್ಟು ಸಮೀಪ ನಿಂತವಳಲ್ಲ. ಸೆರಗು ಹಣೆಯವರೆಗೆ ಎಳೆದುಕೊಂಡಳು, ಅವನ ಕಿವಿಯ ಹತ್ತಿರ ಬಗ್ಗಿದಳು. ಮೊದಲು ಬಂದ ದನಿ ಅವಳಿಗೇ ಸಾಲಲಿಲ್ಲ. ಕಣ್ಣು ಮುಚ್ಚಿಕೊಂಡು ಇದ್ದ ಶಕ್ತಿಯನ್ನೆಲ್ಲ ಹಾಕಿ ಒದರಿದಳು:

"ಆಕೀಗೆ ಮೊದಲಿಂದ ಗೊತ್ತಿತ್ತಂತ್ರೀ! ನಿಮಗ ಕೇಳಸೂದಿಲ್ಲಂತ ಗೊತ್ತಿತ್ತಂತ! ಅಜ್ಜಾಗ ಕೇಳ್ಲಿ ಅಂತನ ಹಂಗ ಹಾಡತಿದ್ಲಂತ್ರೀ! ಮಿರಜದಾಗೂ ನಿಮಗ ಕೇಳಿಸಿಲ್ಲಂತ ತಿಳದಿತ್ತಂತ! ನಿಮ್ಮ ಮಾನ ಹೋಗಬಾರ್ದಂತ ಸುಮ್ಮನಿದ್ಲಂತ್ರೀ!"

ಓಣಿಯಲ್ಲಿ ಹೌಸಾಬಾಯಿಯ ಮನೆಯ ಕುಟ್ಟುವ ಸದ್ದು ನಿಂತಿತು. ನೀರು ತರುತ್ತಿದ್ದ ಹೆಂಗಸರು ಬಾಗಿಲ ಮುಂದೆ ಕೊಡ ಹೊತ್ತೇ ನಿಂತರು. ಅವರಿಗೆಲ್ಲ ಕೇಳಿಸಿತ್ತು. ತವನಪ್ಪನಿಗೂ ಕೇಳಿಸಿತು, ಒಂದಕ್ಷರ ಬಿಡದೆ.